ಹೊರಡೋ ಮುಂಚೆ ಆ ದವಡೆ ಹಲ್ಲು ಮುಗಿಸ್ಕೊ

ತಮ್ಮಾ, ಮುಂದಿನ ತಿಂಗಳು ಮೆಲ್ಬರ್ನ್‌ಗೆ ಓದೋಕೆ ಬರ್ತಿದ್ದೀಯ, ಬಹಳ ಸಂತೋಷ. ರೂಮು, ಬಟ್ಟೆ, ಹಲ್ಲು, ಮೂರೂ ಕೇಳಿದ್ದೀಯ. ರೂಮು ನೋಡದೆ ದುಡ್ಡು ಕಳಿಸಬೇಡ. ಒಂದು ದಪ್ಪ ಜಾಕೆಟ್ ಇರಲಿ. ನಾನು ಬಂದಿದ್ದು ಜುಲೈನಲ್ಲಿ, ಇಲ್ಲಿ ಆಗ ಚಳಿಗಾಲ. ದಾವಣಗೆರೆ ಬಿಸಿಲಿಗೆ ಒಗ್ಗಿದ ಮೈ ನೋಡು, ನಳದ ನೀರು ಬಾಯಿಗೆ ಹಾಕಿದರೆ ಹಲ್ಲೆಲ್ಲ ಜುಮ್ ಅನ್ನೋದು. ಮಿಕ್ಕಿದ್ದು ಬಂದ ಮೇಲೆ ಮಾತಾಡೋಣ.

ಹಲ್ಲಿನ ವಿಷಯ ಮಾತ್ರ ಈಗಲೇ. ಡಾಕ್ಟ್ರು ರೂಟ್ ಕೆನಾಲ್ ಅಂದಿದ್ದಾರೆ, ಮಾತ್ರೆಗೆ ನೋವು ಕಡಿಮೆ ಆಗಿದೆ, ಅಲ್ಲಿಗೆ ಬಂದು ಮಾಡಿಸ್ಲಾ ಅಂತ ಬರೆದಿದ್ದೀಯ. ಬೇಡ. ಊರಲ್ಲೇ ಮಾಡಿಸ್ಕೊ.

ತಣ್ಣಗಿನದು ತಾಗಿ ಜುಮ್ ಅಂದು ಕೂಡಲೇ ಹೋದರೆ ಅದು ಫಿಲ್ಲಿಂಗ್‌ನಲ್ಲೇ ಮುಗಿಯಬಹುದು. ನಿಂದು ಹಾಗಲ್ಲ. ಬಹಳ ಹೊತ್ತು ನೋಯುತ್ತೆ, ರಾತ್ರಿ ಎಬ್ಬಿಸುತ್ತೆ ಅಂತೀಯ. ಹುಳುಕು ನರದ ತನಕ ಹೋದಾಗ ಹೀಗಾಗೋದು. ಕಚ್ಚಿದರೆ ನೋವು, ವಸಡಲ್ಲಿ ಕೀವಿನ ಗುಳ್ಳೆ, ಇವೂ ಅದರ ಗುರುತೇ.

ನನ್ನ ರೂಮಲ್ಲಿ ಚಳ್ಳಕೆರೆ ಹುಡುಗ ಒಬ್ಬ ಇದ್ದ. ಅವನಿಗೂ ಹೀಗೇ, ಮೇಲಿನ ದವಡೆ ಹಲ್ಲು. ಲವಂಗ ಒತ್ತಿಕೊಂಡ, ಊರಿಂದ ತಂದ ಆಂಟಿಬಯಾಟಿಕ್ ನುಂಗಿದ. ಒಂದು ದಿನ ನೋವು ಪೂರ್ತಿ ನಿಂತಿತು. ಖುಷಿಗೆ ಎಲ್ಲರಿಗೂ ಚಿತ್ರಾನ್ನ ಮಾಡಿ ಹಾಕಿದ. ನೋವು ನಿಂತಿದ್ದು ನರ ಸತ್ತಿದ್ದಕ್ಕೆ, ವಾಸಿಯಾಗಿ ಅಲ್ಲ. ಸತ್ತ ನರಕ್ಕೆ ರಕ್ತ ಹರಿಯಲ್ಲ, ಮಾತ್ರೆ ಅಲ್ಲಿಗೆ ಮುಟ್ಟೋದಾದರೂ ಹೇಗೆ? ಪರೀಕ್ಷೆ ಹೊತ್ತಿಗೆ ಕೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತು. ರೂಟ್ ಕೆನಾಲ್, ಆಮೇಲೆ ಹಲ್ಲಿನ ಮೇಲೆ ಕೂರಿಸೋ ಕ್ಯಾಪ್, ಎರಡರ ಖರ್ಚು ಕೇಳಿ ಹಲ್ಲೇ ಕೀಳಿಸಿಕೊಂಡ. ಉಳಿಯೋ ಹಲ್ಲು ಅದು. ನೆನೆಸಿಕೊಂಡರೆ ಇವತ್ತಿಗೂ ಸಂಕಟ ಆಗುತ್ತೆ.

ಇಲ್ಲಿ ಮೆಡಿಕೇರ್, ಅಂದ್ರೆ ಸರ್ಕಾರದ ಆರೋಗ್ಯ ವಿಮೆ, ದೊಡ್ಡವರ ಹಲ್ಲಿನ ಖರ್ಚನ್ನು ಸಾಮಾನ್ಯವಾಗಿ ಕೊಡಲ್ಲ. ವಿದ್ಯಾರ್ಥಿಗಳ ಇನ್ಶೂರೆನ್ಸ್‌ನಲ್ಲೂ ಹಲ್ಲು ಸೇರಿರೋದು ಅಪರೂಪ. ಬೇರೆ ಪಾಲಿಸಿ ತಗೊಂಡರೂ ಇಂಥ ದೊಡ್ಡ ಕೆಲಸಕ್ಕೆ 12 ತಿಂಗಳು ಕಾಯಿಸೋದು ಮಾಮೂಲು. ನಮ್ಮೂರಲ್ಲಿ ಎರಡೆರಡು ಡೆಂಟಲ್ ಕಾಲೇಜು ಇವೆ, ಸುತ್ತಲ ಊರಿನವರೆಲ್ಲ ಅಲ್ಲಿಗೇ ಬರ್ತಾರೆ. ನೀನು ಅದನ್ನ ಬಿಟ್ಟು ಇಲ್ಲಿಗೆ ನೋವು ಹೊತ್ಕೊಂಡು ಬರೋದು ಯಾಕೆ?

ಹೆದರಬೇಡ. ಇಂಜೆಕ್ಷನ್ ಕೊಟ್ಟು ಮರಗಟ್ಟಿಸ್ತಾರೆ. ದವಡೆ ಹಲ್ಲಿನ ಬೇರೊಳಗೆ ನರ ಇರೋ ಕಾಲುವೆ ಸಾಮಾನ್ಯವಾಗಿ 3-4 ಇರುತ್ತೆ. ಸಣ್ಣ ಫೈಲ್‌ಗಳಿಂದ ಅದನ್ನ ಉಜ್ಜಿ, ತೊಳೆದು, ಗಟ್ಟಾ ಪರ್ಚಾ ಅನ್ನೋ ರಬ್ಬರಿನಂಥದ್ದು ತುಂಬ್ತಾರೆ. ಎರಡು ಮೂರು ಸಿಟ್ಟಿಂಗ್ ಆಗಬಹುದು, ಕ್ಯಾಪ್‌ಗೆ ಇನ್ನೂ ಕೆಲವು ದಿನ. ಅದಕ್ಕೇ ಈ ವಾರವೇ ಶುರು ಮಾಡು. ಟಿಕೆಟ್ ಹತ್ತಿರ ಬಂತು ಅಂತ ಕ್ಯಾಪ್ ಬಿಟ್ಟು ಬರಬೇಡ, ಬರೀ ಚಕ್ಕುಲಿ ಕಚ್ಚಿದರೂ ಹಲ್ಲು ಸೀಳಬಹುದು. ಅಲ್ಲಾದರೆ ಅಮ್ಮ ಮೆತ್ತಗೆ ಅನ್ನ ಸಾರು ಕಲಸಿ ಕೊಡ್ತಾರೆ. ಇಲ್ಲಿ ಬಾಯಿ ಮರಗಟ್ಟಿದ ದಿನವೂ ನೀನೇ ಒಲೆ ಹಚ್ಚಬೇಕು.

ಎಕ್ಸ್‌ರೇ, ಚೀಟಿ ಎಲ್ಲ ಇಸ್ಕೊಂಡು ಫೋನಲ್ಲಿ ಫೋಟೊ ಇಟ್ಟುಕೊ. ಮೊದಲ ಸಿಟ್ಟಿಂಗ್ ಆದ ಕೂಡಲೇ ನನಗೊಂದು ಮೆಸೇಜ್ ಹಾಕು.