ಸಂಪಾದಕರ ಉತ್ತರ: ಹತ್ತಿರದಲ್ಲಿ ಪಿಟೀಲು ಮೇಷ್ಟ್ರು ಇಲ್ಲದಿದ್ದರೆ

ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದಿದ್ದಾರೆ: "ನನಗೀಗ 51. ಮಗಳು ಮನೆಯಲ್ಲೇ ಬಿಟ್ಟುಹೋದ ಪಿಟೀಲನ್ನು ಹತ್ತು ತಿಂಗಳಿಂದ ಯೂಟ್ಯೂಬ್ ನೋಡಿ ಕಲಿಯುತ್ತಿದ್ದೇನೆ. ಮೊದಲ ಸ್ವರಪಾಠ ಸರಳೆ ವರಸೆ ಮುಗಿಸಿ, ಸ್ವರಗಳನ್ನು ಜೋಡಿಯಾಗಿ ನುಡಿಸುವ ಜಂಟಿ ವರಸೆಗೆ ಬಂದಿದ್ದೇನೆ. ಆದರೆ ನಾದ ಕರಕರ ಅನ್ನುತ್ತದೆ. ಬಲ ಭುಜ ನೋಯುತ್ತದೆ. ಗುರುವಿಲ್ಲದ ವಿದ್ಯೆ ದಕ್ಕುವುದಿಲ್ಲ, ಸುಮ್ನೆ ಬಿಟ್ಟುಬಿಡು ಅನ್ನುತ್ತಾರೆ ನೆಂಟರು. ಹತ್ತಿರದಲ್ಲಿ ಪಿಟೀಲು ಕಲಿಸುವವರಿಲ್ಲ. ಏನು ಮಾಡಲಿ?"

ನಮಸ್ಕಾರ. ಬಿಡಬೇಡಿ. ಒಬ್ಬರೇ ಕೂತು ಹತ್ತು ತಿಂಗಳಲ್ಲಿ ಜಂಟಿ ವರಸೆವರೆಗೆ ಬಂದಿದ್ದೀರಿ, ಅದು ಸಣ್ಣ ಮಾತಲ್ಲ.

ವಿಡಿಯೋ ನೋಡಿ ಕಲಿಯಬಾರದು ಅಂತ ನಾನು ಹೇಳಲಾರೆ. ಒಂದೇ ಸಾಲನ್ನು ಇಪ್ಪತ್ತು ಸಲ ಕೇಳಬಹುದು, ನಿಧಾನ ಮಾಡಿ ಬೆರಳು ನೋಡಬಹುದು. ಅಷ್ಟು ಸಲ ಬೇಸರವಿಲ್ಲದೆ ನುಡಿಸಿ ತೋರಿಸುವ ಮೇಷ್ಟ್ರು ಎಲ್ಲರಿಗೂ ಸಿಗುವುದಿಲ್ಲ. ಆದರೆ ಆ ವಿಡಿಯೋದವರು ನಿಮ್ಮ ಪಿಟೀಲನ್ನು ಕೇಳಿಸಿಕೊಳ್ಳಲಾರರು. ನಿಮಗೀಗ ಬೇಕಿರುವುದು ಅದೇ.

ಹುಡುಗನಾಗಿದ್ದಾಗ ನಾನು ಮೈಸೂರಿನಲ್ಲಿ ಒಬ್ಬ ಮೇಷ್ಟ್ರ ಮನೆಗೆ ಪಾಠಕ್ಕೆ ಹೋಗುತ್ತಿದ್ದೆ. ಎಷ್ಟೋ ದಿನ ಅವರು ನಮ್ಮ ಎದುರು ಕೂರುತ್ತಲೇ ಇರಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಕೂತು ಅವರೆಕಾಳು ಹಿತಕುತ್ತಿದ್ದರು. ನಾವು ಹಜಾರದಲ್ಲಿ ಮಾಯಾಮಾಳವಗೌಳ ರಾಗ ತಿಕ್ಕುತ್ತಿದ್ದೆವು. "ರಿಷಭ ಮೇಲೆ ಹೋಯ್ತು ಕಣೋ" ಅಂತ ಅಲ್ಲಿಂದಲೇ ಕೂಗು. ಬೆರಳನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದರೆ "ಹಾಂ, ಅಲ್ಲೇ ಇರು" ಅನ್ನುತ್ತಿದ್ದರು. ಪಿಟೀಲಿಗೆ ವೀಣೆಯ ಹಾಗೆ ಮೆಟ್ಟಿಲುಗಳಿಲ್ಲ ಅಲ್ವಾ? ಈ ರಾಗದಲ್ಲಿ ರಿಷಭ, ಅಂದರೆ ರಿ, ಷಡ್ಜಕ್ಕೆ, ಅಂದರೆ ಸಕ್ಕೆ, ಅಂಟಿಕೊಂಡ ಹಾಗಿರುತ್ತದೆ, ಗ ದೂರ. ಹೊಸಬರ ಬೆರಳು ರಿಯನ್ನು ಮೇಲಕ್ಕೂ ಗವನ್ನು ಕೆಳಕ್ಕೂ ಎಳೆದುಬಿಡುತ್ತದೆ. ನಾಲ್ಕು ತಿಂಗಳು ಹಾಗೇ ನುಡಿಸಿದರೆ ಕಿವಿಯೂ ಅದಕ್ಕೇ ಒಗ್ಗುತ್ತದೆ. ಆಮೇಲೆ ಸರಿಯಾದ ಸ್ವರವೇ ತಪ್ಪು ಅನ್ನಿಸತೊಡಗುತ್ತದೆ.

ಇನ್ನು ನಿಮ್ಮ ಕರಕರ ಮತ್ತು ಭುಜದ ನೋವು. ಎರಡೂ ಕಮಾನು ಹಿಡಿಯುವ ಕೈಯಿಂದಲೇ ಬರುತ್ತಿರಬಹುದು. ಕನ್ನಡಿ ಎದುರು ಕೂತು ಮಧ್ಯ ಷಡ್ಜದ ತಂತಿಯ ಮೇಲೆ ಕಮಾನನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಎಳೆಯಿರಿ. ಅದು ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜಿಗೆ ಸಮಾನಾಂತರವಾಗಿ ಹೋಗುತ್ತಿದೆಯಾ, ತುದಿ ಬರುವಾಗ ಓರೆಯಾಗಿ ಫಿಂಗರ್‌ಬೋರ್ಡ್ ಕಡೆ ಜಾರುತ್ತಿದೆಯಾ? ಭುಜ ಕಿವಿಯ ಕಡೆ ಏಳುತ್ತಿದೆಯಾ? ಹೆಬ್ಬೆರಳು ಸಡಿಲವಾಗಿ ಬಾಗಿದೆಯಾ, ಸೆಟೆದುಕೊಂಡಿದೆಯಾ? ಕಮಾನಿಗೆ ಹಚ್ಚುವ ರೋಸಿನ್ ಜಾಸ್ತಿಯಾದರೂ ಕರಕರ ಬರುತ್ತದೆ. ತಂತಿಯ ಕೆಳಗೆ ಬಿಳಿ ಪುಡಿ ರಾಶಿ ಬಿದ್ದಿದ್ದರೆ ನಾಲ್ಕು ದಿನ ಹಚ್ಚಬೇಡಿ. ಭುಜ ನೋಯುವ ದಿನ ನುಡಿಸಬೇಡಿ. ನೋವು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ.

ಪಿಟೀಲು ಕಲಿಸುವವರಿಲ್ಲ ಅಂದಿರಿ. ಹಾಡುಗಾರಿಕೆ ಕಲಿಸುವವರಿದ್ದಾರಾ? ಇದ್ದರೆ ಅವರ ಹತ್ತಿರ ಹೋಗಿ. ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದ ಚೌಡಯ್ಯನವರ ಗುರು ಬಿಡಾರಂ ಕೃಷ್ಣಪ್ಪನವರು ಗಾಯಕರು. ಕರ್ನಾಟಕ ಸಂಗೀತದ ಪಿಟೀಲು ಹಾಡಿನ ಬೆನ್ನಿಗೇ ಹೋಗುವ ವಾದ್ಯ. ಹಾಡು ಬಲ್ಲವರಿಗೆ ನಿಮ್ಮ ರಿ ಎಲ್ಲಿ ತಪ್ಪಿತು ಅನ್ನುವುದು ಥಟ್ಟನೆ ತಿಳಿಯುತ್ತದೆ. ಮನೆಯಲ್ಲೂ ಅಷ್ಟೇ, ಮೊದಲು ಸ್ವರವನ್ನು ಬಾಯಲ್ಲಿ ಹಾಡಿ, ಆಮೇಲೆ ತಂತಿಯಲ್ಲಿ ಹುಡುಕಿ.

ಕಮಾನಿನ ಕೈಗೆ ಮಾತ್ರ ಪಿಟೀಲು ಬಲ್ಲವರೇ ಬೇಕು. ಈ ವಾದ್ಯ ನಮ್ಮ ಸಂಗೀತಕ್ಕೆ ಬಂದಾಗಲೂ ಹಾಗೇ ಆಯಿತು. ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದ್ರಾಸಿನಲ್ಲಿ ಯುರೋಪಿಯನ್ ವಾದಕರೊಬ್ಬರ ಹತ್ತಿರ ಕಲಿತರು. ರಾಗ ಇವರ ಹತ್ತಿರವೇ ಇತ್ತು. ಕೈ ಅವರಿಂದ ಬಂತು.

ನಿಮಗೆ ಶಿವಮೊಗ್ಗ ಸುಮಾರು 60 ಕಿಲೋಮೀಟರ್. ಅಲ್ಲಿ ವಿಚಾರಿಸಿ, ಯಾರಾದರೂ ಒಪ್ಪಿದರೆ ತಿಂಗಳಿಗೊಮ್ಮೆ ಹೋಗಿ ಬರೀ ಕೈ ತೋರಿಸಿಕೊಂಡು ಬನ್ನಿ. ಮಧ್ಯೆ ಮೊಬೈಲಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ. ವಿಡಿಯೋ ಕಾಲ್ ಪಾಠವೂ ಆದೀತು, ಹೊರದೇಶದ ಕನ್ನಡಿಗರ ಮಕ್ಕಳು ಎಷ್ಟೋ ಜನ ಹಾಗೇ ಕಲಿಯುತ್ತಾರೆ. ದನಿ ತಡವಾಗಿ ಮುಟ್ಟುವುದರಿಂದ ಇಬ್ಬರೂ ಒಟ್ಟಿಗೆ ನುಡಿಸಲು ಮಾತ್ರ ಆಗುವುದಿಲ್ಲ.

ಮೇಷ್ಟ್ರು ಅಂದ ಮಾತ್ರಕ್ಕೆ ಎಲ್ಲರೂ ಕೇಳಿಸಿಕೊಳ್ಳುತ್ತಾರೆ ಅಂತಲ್ಲ. ಮುಂದೆ ಇನ್ನೊಂದು ಊರಿನಲ್ಲಿ ನನಗೆ ಸಿಕ್ಕವರು ವರ್ಷ ಪೂರ್ತಿ ತಾವೇ ನುಡಿಸುತ್ತಾ ಹೋದರು. ನನ್ನ ಎಡ ಮಣಿಕಟ್ಟು ಪಿಟೀಲಿನ ಕುತ್ತಿಗೆಗೆ ಆತುಕೊಂಡಿದ್ದು ಅವರ ಕಣ್ಣಿಗೆ ಬೀಳಲೇ ಇಲ್ಲ. ಆ ಚಾಳಿ ಬಿಡಿಸಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು. ಅದಕ್ಕೇ ಮೊದಲ ದಿನವೇ ಗಮನಿಸಿ, ನೀವು ನುಡಿಸುವಾಗ ಅವರು ತಮ್ಮ ಪಿಟೀಲು ಕೆಳಗಿಟ್ಟು ಕೇಳುತ್ತಾರಾ ಅಂತ.

ಸದ್ಯಕ್ಕೆ ಜಂಟಿ ವರಸೆ ಬದಿಗಿಡಿ. ಒಂದು ವಾರ ದಿನಕ್ಕೆ 15 ನಿಮಿಷ, ಸ-ಪ-ಸ-ಪ ನಾಲ್ಕೂ ತಂತಿಗಳಲ್ಲಿ ಬರೀ ಉದ್ದ ಕಮಾನು ಎಳೆಯಿರಿ. ಕರಕರ ಎಷ್ಟು ಇಳಿಯಿತು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ