ಪುಣೆಯ ಕೋಥ್ರೂಡ್‌ನ ಬಾಡಿಗೆ ಮನೆಯ ವಿದ್ಯುತ್ ಬಿಲ್ಲಿನ ಕುರಿತು

ನಮಸ್ಕಾರ. ಎಸಿ ಇಲ್ಲದಿದ್ದರೂ ತಿಂಗಳಿಗೆ 140 ಯೂನಿಟ್ ಏಕೆ ಬರುತ್ತಿದೆ, ಅದನ್ನು ಇಳಿಸಲು ಮಾಲೀಕರ ಮನೆಯಲ್ಲಿ ಸ್ವಂತ ಹಣ ಹಾಕಬಹುದೇ ಎಂದು ಕೇಳಿದ್ದೀರಿ.

ಮಹಾರಾಷ್ಟ್ರದ ವಿದ್ಯುತ್ ವಿತರಣಾ ಕಂಪನಿಯಾದ ಮಹಾವಿತರಣದ ಗೃಹಬಳಕೆಯ ದರದಲ್ಲಿ ಮೊದಲ 100 ಯೂನಿಟ್‌ಗಳ ನಂತರದ ಬಳಕೆಗೆ ದರ ಗಣನೀಯವಾಗಿ ಏರುವುದರಿಂದ, ನೀವು ಉಳಿಸುವ ಮೊದಲ 40 ಯೂನಿಟ್‌ಗಳೇ ನಿಮ್ಮ ಪಾಲಿಗೆ ಅತ್ಯಂತ ದುಬಾರಿಯಾದವು.

ಮೊದಲು ಎಲ್ಲ ಸ್ವಿಚ್‌ಗಳನ್ನೂ ಆರಿಸಿ, ಫ್ರಿಜ್‌ನ ಪ್ಲಗ್ಗನ್ನೂ ತೆಗೆದು ಮೀಟರನ್ನು ನೋಡಿ. ಆಗಲೂ ಅದರ ಕೆಂಪು ದೀಪ ಮಿನುಗುತ್ತಿದ್ದರೆ ಸೋರಿಕೆಯೋ, ಮೆಟ್ಟಿಲಿನ ದೀಪದಂತಹ ಬೇರೆ ಸಂಪರ್ಕವೋ ಇರಬಹುದು. ಅದನ್ನು ಸರಿಪಡಿಸುವಂತೆ ಮಾಲೀಕರನ್ನು ಕೇಳುವುದು ನಿಮ್ಮ ನ್ಯಾಯವಾದ ಹಕ್ಕು, ಸಂಕೋಚಪಡಬೇಡಿ.

ಹಣ ಹಾಕುವುದಾದರೆ ಫ್ಯಾನಿಗೆ ಹಾಕಿ. ಸುಮಾರು 75 ವ್ಯಾಟ್‌ನ ಹಳೆಯ ಫ್ಯಾನಿನ ಬದಲು 30 ವ್ಯಾಟ್‌ನ ಬಿಎಲ್‌ಡಿಸಿ (ಕಡಿಮೆ ವಿದ್ಯುತ್ ಬಳಸುವ, ಬ್ರಷ್ ಇಲ್ಲದ ಮೋಟಾರಿನ) ಫ್ಯಾನನ್ನು ದಿನಕ್ಕೆ 12 ಗಂಟೆ ಓಡಿಸಿದರೆ ತಿಂಗಳಿಗೆ ಸುಮಾರು 16 ಯೂನಿಟ್ ಉಳಿಯುತ್ತದೆ, ಎರಡು ಫ್ಯಾನ್‌ಗಳಿಂದ 32. ಮನೆ ಬಿಡುವಾಗ ಹಳೆಯದನ್ನೇ ಮತ್ತೆ ತೂಗುಹಾಕಿ ಹೊಸದನ್ನು ಜೊತೆಗೆ ಒಯ್ಯಬಹುದು, ಆದ್ದರಿಂದ ಹಳೆಯ ಫ್ಯಾನನ್ನು ಗುಜರಿಗೆ ಕೊಡದೆ ಅಟ್ಟದ ಮೇಲಿಡಿ.

ಗೀಜರನ್ನು ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. 2,000 ವ್ಯಾಟ್‌ನ ಗೀಜರ್ ಅರ್ಧ ಗಂಟೆಗೆ ಒಂದು ಯೂನಿಟ್ ಬಳಸುತ್ತದೆ. ಎಲ್ಲರೂ ಬೆನ್ನುಬೆನ್ನಿಗೆ ಸ್ನಾನ ಮುಗಿಸಿ ತಕ್ಷಣ ಆರಿಸುವುದು, ಥರ್ಮೋಸ್ಟಾಟನ್ನು 50 ಡಿಗ್ರಿಯ ಆಸುಪಾಸಿನಲ್ಲಿಡುವುದು ಸಾಕು.

ಮಾಲೀಕರು ಸಬ್‌ಮೀಟರ್ (ನಿಮ್ಮ ಬಳಕೆಯನ್ನಷ್ಟೇ ಅಳೆಯಲು ಅವರೇ ಹಾಕಿಸಿದ ಮೀಟರ್) ನೋಡಿ ಹಣ ಪಡೆಯುತ್ತಿದ್ದರೆ ಮಾತ್ರ, ಮಹಾವಿತರಣದ ಮೂಲ ಬಿಲ್ಲನ್ನು ಪ್ರತಿ ತಿಂಗಳೂ ಕೇಳಿ ಹೋಲಿಸಿ ನೋಡಿ.