ಹೊಸ ಮದರ್‌ಬೋರ್ಡ್ ಮಧ್ಯಾಹ್ನ ಮಾತ್ರ ತೊಂದರೆ ಕೊಡುತ್ತಿದೆ, ಬೋರ್ಡೇ ಕೆಟ್ಟಿದೆಯೇ?

ನಿಮ್ಮ ಪ್ರಶ್ನೆ ಇಷ್ಟು: ಎಚ್610 ಬೋರ್ಡ್, ಐ5-12400 ಪ್ರೊಸೆಸರ್. ರಿವ್ಯೂಗಳಲ್ಲಿ ಹೊಗಳಿದ್ದಾರೆ. ಬೆಳಿಗ್ಗೆ ಸರಿ ಇರುತ್ತದೆ, ಮಧ್ಯಾಹ್ನ ಮದುವೆ ವಿಡಿಯೊ ರೆಂಡರಿಗೆ ಹಾಕಿದರೆ ನಿಧಾನ. ಎರಡು ಸಲ ತಾನಾಗಿಯೇ ರೀಸ್ಟಾರ್ಟ್ ಆಗಿದೆ.

ನಾನು ರಾಯಚೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ನಮ್ಮ ಕಡೆ ಬೋರ್ಡ್ ಪರೀಕ್ಷಿಸಬೇಕಾದ್ದು ಬೇಸಿಗೆಯ ಮಧ್ಯಾಹ್ನ ಮೂರು ಗಂಟೆಗೆ. ರಿವ್ಯೂ ಮಾಡುವವರು ಎಸಿ ಕೋಣೆಯಲ್ಲಿ 25 ಡಿಗ್ರಿಯಲ್ಲಿ ಕೂತಿರುತ್ತಾರೆ, ನಿಮ್ಮ ಕೋಣೆ 40. ಅವರಿಗೆ 80 ತೋರಿಸಿದ್ದು ನಿಮಗೆ 95 ತೋರಿಸುತ್ತದೆ.

ಮುಖ್ಯವಾಗಿ ನೋಡಬೇಕಾದ್ದು ವಿಆರ್‌ಎಂ, ಅಂದರೆ ಪ್ರೊಸೆಸರ್ ಕೂರುವ ಸಾಕೆಟ್ ಪಕ್ಕ ಸಾಲಾಗಿ ಕೂತ ಸಣ್ಣ ಕಪ್ಪು ಚಿಪ್‌ಗಳು. 12 ವೋಲ್ಟನ್ನು ಒಂದು ವೋಲ್ಟ್ ಚಿಲ್ಲರೆಗೆ ಇಳಿಸುವುದು ಅವುಗಳ ಕೆಲಸ. ನಿಮ್ಮ ಪ್ರೊಸೆಸರ್ ಟರ್ಬೊದಲ್ಲಿ, ಅಂದರೆ ಸ್ವಲ್ಪ ಹೊತ್ತು ಹೆಚ್ಚು ವೇಗದಲ್ಲಿ ಓಡುವಾಗ, 117 ವ್ಯಾಟ್‌ವರೆಗೂ ಎಳೆಯಬಲ್ಲದು. ಆದರೆ ಅಗ್ಗದ ಎಷ್ಟೋ ಎಚ್610 ಬೋರ್ಡ್‌ಗಳಲ್ಲಿ ಈ ಚಿಪ್‌ಗಳ ಮೇಲೆ ಬಿಸಿ ಹೀರುವ ಲೋಹದ ಹೀಟ್‌ಸಿಂಕೇ ಇರುವುದಿಲ್ಲ.

ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಸಿನಿಬೆಂಚ್ ತಂತ್ರಾಂಶವನ್ನು ಅರ್ಧ ಗಂಟೆ ಬಿಡದೆ ಓಡಿಸಿ, ಪಕ್ಕದಲ್ಲಿ ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತೆರೆದಿಡಿ. ಮೊದಲ ನಿಮಿಷದಲ್ಲೇ ವೇಗ ತುಸು ಇಳಿದರೆ ಗಾಬರಿ ಬೇಡ, ಅದು ಟರ್ಬೊ ಮುಗಿದು ಪ್ರೊಸೆಸರ್ ತನ್ನ 65 ವ್ಯಾಟಿನ ಮಿತಿಗೆ ಇಳಿದದ್ದು. ಹತ್ತು ನಿಮಿಷದ ಮೇಲೆ ವೇಗ ಧಡಕ್ಕನೆ ಬಿದ್ದು, ಆಗಲೂ ಪ್ರೊಸೆಸರ್ 80 ಡಿಗ್ರಿ ದಾಟಿರದಿದ್ದರೆ ನನ್ನ ಅನುಮಾನ ವಿಆರ್‌ಎಂ ಮೇಲೆಯೇ. ಕ್ಯಾಬಿನೆಟ್ ಬಾಗಿಲು ತೆಗೆದು ಟೇಬಲ್ ಫ್ಯಾನ್ ಹಿಡಿದು ಮತ್ತೆ ಓಡಿಸಿ. ಈಗ ವೇಗ ಬೀಳದೆ ಹಾಗೇ ಉಳಿದರೆ ಬಿಸಿಯೇ ಕಾರಣ.

ಹೋದ ಬೇಸಿಗೆಯಲ್ಲಿ ಒಂದು ಹತ್ತಿ ಜಿನ್ನಿಂಗ್ ಮಿಲ್ ಆಫೀಸಿನಿಂದ ಇದೇ ದೂರು ಬಂದಿತ್ತು. ಮಾಲೀಕರು ಹೊಸ ಬೋರ್ಡಿಗೆ ದುಡ್ಡು ಹಿಡಿದೇ ಬಂದಿದ್ದರು. ಕೂಲರ್ ಫ್ಯಾನ್ ಬಿಚ್ಚಿದೆ. ಕೆಳಗೆ ಹತ್ತಿ ಎಳೆ, ಧೂಳು ಕೂಡಿ ಕಂಬಳಿ ತುಂಡಿನಂತೆ ಗಟ್ಟಿಯಾಗಿತ್ತು, ಚಿಮಟದಲ್ಲಿ ಹಿಡಿದರೆ ಒಂದೇ ಪದರವಾಗಿ ಎದ್ದು ಬಂತು. ಆ ಬೋರ್ಡ್ ಇವತ್ತಿಗೂ ಓಡುತ್ತಿದೆ. ಕೆಟ್ಟಿರದ ಬೋರ್ಡಿಗೆ ಜನ ದುಡ್ಡು ಸುರಿಯುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ರೀಸ್ಟಾರ್ಟ್ ಬೇರೆ ವಿಷಯ. ವಿಂಡೋಸ್‌ನ ದಾಖಲೆ ಪುಸ್ತಕವಾದ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ಎರರ್ ನೋಡಿ ಬೋರ್ಡನ್ನು ದೂರಬೇಡಿ, ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದರ ಅರ್ಥ. ಕರೆಂಟ್ ಹೋದ ಗಳಿಗೆಗೇ ಆಗುತ್ತಿದ್ದರೆ ಇನ್ವರ್ಟರ್ ಹಿಂದಿನ ಸ್ವಿಚ್ ಯುಪಿಎಸ್ ಮೋಡಿನಲ್ಲಿದೆಯೇ ನೋಡಿ. ಇಲ್ಲದಿದ್ದರೆ ರ‍್ಯಾಮ್ ವೇಗ ಹೆಚ್ಚಿಸುವ ಬಯೋಸ್ ಸೆಟ್ಟಿಂಗ್ ಎಕ್ಸ್‌ಎಂಪಿ ಆಫ್ ಮಾಡಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿಸಿ, ಒಂದು ಎರರ್ ಬಂದರೂ ರ‍್ಯಾಮ್ ಒಂದೊಂದೇ ಹಾಕಿ ನೋಡಿ. ಆಮೇಲೆ ಗೆಳೆಯರದ್ದೊಂದು ಒಳ್ಳೆಯ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ತಂದು ಜೋಡಿಸಿ.

ಇಷ್ಟಾದರೂ ಬಿಡದಿದ್ದರೆ ಬೋರ್ಡನ್ನು ವಾರಂಟಿಗೆ ಕೊಡಿ. ಕೊಡುವ ಮುಂಚೆ ಸಾಕೆಟ್ ಪಿನ್‌ಗಳ ಫೋಟೊ ಬೆಳಕಿನಲ್ಲಿ ತೆಗೆದಿಟ್ಟುಕೊಂಡು, ಬಾಕ್ಸಿನ ಜೊತೆ ಬಂದ ಪ್ಲಾಸ್ಟಿಕ್ ಮುಚ್ಚಳ ಹಾಕಿ. 1700 ಪಿನ್‌ಗಳಲ್ಲಿ ಒಂದು ಬಾಗಿದ್ದರೂ ವಾರಂಟಿ ಇಲ್ಲ ಎನ್ನುತ್ತಾರೆ.